ಮಗು ಯಾರ ಕೈಲಿದೆಯೋ ಅವರಿಗೆ ಮೊದಲು ಟ್ರೈನಿಂಗ್ ಕೊಡಿ

ಕೊಡಗಲ್ಲಿ ಆರು ವರ್ಷದೊಳಗಿನ ಮಕ್ಕಳು ಹಗಲು ಹೊತ್ತು ಎಲ್ಲಿರ್ತಾರೆ ಅಂತ ನೋಡಿದ್ರೆ ಹೆಚ್ಚಿನವರು ಅಂಗನವಾಡಿಲಿ, ಕೆಲವು ಪಂಚಾಯ್ತಿಗಳಲ್ಲಿ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ಮಾಡಿರೋ ಕೂಸಿನ ಮನೇಲಿ, ದೊಡ್ಡ ಎಸ್ಟೇಟ್ ಆದ್ರೆ ಕೆಲಸಗಾರರ ಮಕ್ಕಳನ್ನ ನೋಡ್ಕೊಳ್ಳೋ ಅಲ್ಲಿನ ಕ್ರೆಶ್‌ನಲ್ಲಿ, ಟೌನ್‌ನಲ್ಲಾದ್ರೆ ಪ್ಲೇ ಸ್ಕೂಲ್‌ನಲ್ಲಿ. ಇದ್ಯಾವುದೂ ಇಲ್ಲದ ಕಡೆ ಅಮ್ಮನ ಜೊತೇಲೇ ತೋಟಕ್ಕೆ ಹೋಗಿ ಕಾಫಿ ಗಿಡದ ಬುಡದಲ್ಲಿ ಹಾಸಿದ ಗೋಣಿ ಚೀಲದ ಮೇಲೆ. ಎಲ್ಲೇ ಇರ್ಲಿ, ಆ ಹೊತ್ತಲ್ಲಿ ಮಗುನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳೋ ಒಬ್ರು ದೊಡ್ಡವರು ಇರ್ತಾರೆ. ನನ್ನ ಪ್ರಶ್ನೆ ಅವರ ಬಗ್ಗೆ. ಮಗುಗೆ ಉಸಿರು ಕಟ್ಟಿದ್ರೆ, ಫಿಟ್ಸ್ ಬಂದ್ರೆ, ನಾಲ್ಕು ಸಲ ನೀರಾಗಿ ಭೇದಿ ಆದ್ರೆ, ಅಥವಾ ಎರಡು ವಾರದಿಂದ ಒಂದು ಮಾತೂ ಆಡದೆ ಮೂಲೇಲಿ ಕೂತ್ರೆ ಏನು ಮಾಡ್ಬೇಕು ಅಂತ ಅವರಿಗೆ ಯಾರಾದ್ರೂ ಕೈ ಹಿಡಿದು ಕಲಿಸಿದಾರಾ?

ಟ್ರೈನಿಂಗೇ ಇಲ್ಲ ಅಂತ ಹೇಳಿದ್ರೆ ತಪ್ಪಾಗುತ್ತೆ. ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಅವತ್ತಿಂದ ಒಂದಲ್ಲ ಒಂದು ರೂಪದಲ್ಲಿ ಟೀಚರ್‌ಗಳಿಗೆ ಟ್ರೈನಿಂಗ್ ನಡೀತಾನೇ ಇದೆ. 2018ರಲ್ಲಿ ಪೋಷಣ್ ಅಭಿಯಾನ ಬಂದಾಗ 21 ಮಾಡ್ಯೂಲ್ ಮಾಡಿ ತಿಂಗಳ ಮೀಟಿಂಗ್‌ನಲ್ಲೇ ಸ್ವಲ್ಪ ಸ್ವಲ್ಪ ಕಲಿಸೋ ಪದ್ಧತಿ ತಂದ್ರು, ಅದು ನಿಜವಾಗ್ಲೂ ಒಳ್ಳೆ ಯೋಚನೆ, ಯಾಕಂದ್ರೆ ಒಂದೇ ಸಲ ತಲೆಗೆ ತುಂಬಿದ್ದು ಉಳಿಯಲ್ಲ. 2023ರ ಮೇನಲ್ಲಿ 'ಪೋಷಣ್ ಭಿ ಪಢಾಯಿ ಭಿ' ಅಂತ ಇನ್ನೊಂದು ಶುರುವಾಯ್ತು, ಟೀಚರ್‌ಗಳಿಗೆ 3 ದಿನದ ತರಬೇತಿ, ಆಮೇಲೆ ಮೂರು ವರ್ಷದೊಳಗಿನ ಮಕ್ಕಳಿಗೆ 'ನವಚೇತನ', ಮೂರರಿಂದ ಆರು ವರ್ಷದವರಿಗೆ 'ಆಧಾರಶಿಲಾ' ಅಂತ ಎರಡು ಪಠ್ಯಕ್ರಮ. ನವಚೇತನದಲ್ಲಿ ಹುಟ್ಟಿದಾಗಿಂದ ಮೂರು ವರ್ಷದ ತನಕ ಮಗು ಜೊತೆ ಹೆಂಗೆ ಮಾತಾಡ್ಬೇಕು, ಹೆಂಗೆ ಆಡಿಸ್ಬೇಕು ಅಂತ ವಯಸ್ಸಿನ ಪ್ರಕಾರ ಕೊಟ್ಟಿದಾರೆ. ಊಟ ಕೊಟ್ಟು ತೂಕ ಬರೆದ್ರೆ ಸಾಕು ಅನ್ನೋ ಹಳೇ ಲೆಕ್ಕದಿಂದ ಸರ್ಕಾರ ಹೊರಗೆ ಬಂದಿದೆ ಅನ್ನೋದಕ್ಕೆ ಇದು ಸಾಕ್ಷಿ.

ಆದ್ರೆ ಈ ಟ್ರೈನಿಂಗ್‌ಗಳೆಲ್ಲ ಹೆಚ್ಚಾಗಿ ಟೀಚರ್ ಹತ್ರ ಬಂದು ನಿಂತುಬಿಡುತ್ತೆ. ಸಹಾಯಕಿ, ನಾವು ಊರಲ್ಲಿ ಆಯಾ ಅಂತ ಕರೀತೀವಲ್ಲ ಅವರು, ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನ ಕರ್ಕೊಂಡು ಬರೋರು, ಅಡಿಗೆ ಮಾಡೋರು, ತಿನ್ನಿಸೋರು, ಕಕ್ಕ ತೊಳೆಯೋರು, ಮೂಗು ಒರೆಸೋರು, ಮಲಗಿಸೋರು. ಮಗು ಮೈ ಬಿಸಿ ಆಗಿದೆ ಅಂತ ಮೊದಲು ಗೊತ್ತಾಗೋದೇ ಅವರಿಗೆ. ಟೀಚರ್ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ಹಾಜರಿ, ತೂಕ, ಎತ್ತರ ಹಾಕ್ತಾ ಇರ್ತಾರೆ, ನಮ್ಮಲ್ಲಿ ನೆಟ್‌ವರ್ಕ್ ಸಿಗೋಕೆ ರಸ್ತೆ ತನಕ ನಡೀಬೇಕಾದ ಸೆಂಟರ್‌ಗಳೂ ಇವೆ, ಆ ಹೊತ್ತಲ್ಲಿ ಒಳಗಿರೋದು ಆಯಾ ಒಬ್ರೇ. ಇನ್ನೊಂದು ಗಮನಿಸಿ. ಟೀಚರ್ ಟ್ರೈನಿಂಗ್‌ಗೆ ಅಂತ ಮಡಿಕೇರಿಗೋ ವಿರಾಜಪೇಟೆಗೋ ಹೋದ ದಿನ ಅಷ್ಟೂ ಮಕ್ಕಳು ಟ್ರೈನಿಂಗ್ ಸಿಗದೇ ಇರೋ ಆಯಾ ಕೈಯಲ್ಲೇ ಇರ್ತಾರೆ. ಟೀಚರ್‌ಗಳ ತಪ್ಪು ಇದರಲ್ಲಿ ಒಂಚೂರೂ ಇಲ್ಲ, ಸರ್ವೆ, ಚುನಾವಣೆ ಡ್ಯೂಟಿ, ಆಪ್, ರಿಜಿಸ್ಟರ್ ಎಲ್ಲಾ ಅವರ ತಲೆ ಮೇಲೇ ಇದೆ. ನನಗೆ ಕಾಣೋ ಹಂಗೆ ಯೋಜನೆ ಹಾಕೋ ಮೇಜಿನ ಮೇಲೆ ಆಯಾ ಅಂದ್ರೆ ಅಡಿಗೆಯವರು ಅಂತಷ್ಟೇ ಲೆಕ್ಕ, ಮಗು ಪಾಲಿಗೆ ಅವರು ಅಮ್ಮನ ನಂತರದ ಮನುಷ್ಯರು.

ಒಂದು ಉದಾಹರಣೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕೊಡಗಿನ ಮಳೆಗಾಲದಲ್ಲಿ ಇದೇ ದೊಡ್ಡದು. ನೆಗಡಿ ಕೆಮ್ಮು ಯಾವ ಮಗುಗೆ ಇಲ್ಲ? ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಗೋಡೆ ಬೆವರುತ್ತೆ, ತೋಟದ ಕೆಲಸಗಾರರ ಲೈನ್ ಮನೇಲಿ ಸೌದೆ ಒಲೆ ಹೊಗೆ ಒಳಗೇ ಸುತ್ತುತ್ತೆ, ಜೋರು ಮಳೆ ತಿಂಗಳು ಕಕ್ಕಡದಲ್ಲಂತೂ ಬಾಗಿಲು ಕಿಟಕಿ ತೆಗೆಯೋಕೂ ಆಗಲ್ಲ. ಹತ್ತು ಮಕ್ಕಳು ಕೆಮ್ತಾ ಇದ್ರೆ ಅದರಲ್ಲಿ ನ್ಯುಮೋನಿಯಾ ಆಗಿರೋ ಒಂದು ಮಗುನ ಹೆಂಗೆ ಗುರುತಿಸೋದು? ಇದಕ್ಕೆ ಸ್ಟೆತಸ್ಕೋಪ್ ಬೇಡ. ಅಳ್ತಾ ಇಲ್ಲದೇ ಇರೋವಾಗ, ಅಮ್ಮನದೋ ಆಯಾದೋ ತೊಡೆ ಮೇಲೆ ಕೂರಿಸಿ, ಅಂಗಿ ಮೇಲಕ್ಕೆ ಎತ್ತಿ, ಮೊಬೈಲ್‌ನಲ್ಲಿ ಒಂದು ನಿಮಿಷ ಟೈಮರ್ ಹಾಕಿ, ಎದೆ ಎಷ್ಟು ಸಲ ಏರುತ್ತೆ ಅಂತ ಪೂರ್ತಿ 60 ಸೆಕೆಂಡ್ ಎಣಿಸೋದು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದ ಮಗುಗೆ 40 ಅಥವಾ ಜಾಸ್ತಿ ಬಂದ್ರೆ ಅದು ವೇಗದ ಉಸಿರು, ಅವತ್ತೇ ಡಾಕ್ಟರ್ ನೋಡ್ಬೇಕು. ಉಸಿರು ಎಳೆದಾಗ ಪಕ್ಕೆ ಕೆಳಭಾಗ ಒಳಕ್ಕೆ ಹೋಗ್ತಿದ್ರೆ, ಕುಡಿಯೋಕೆ ಆಗ್ತಿಲ್ಲ ಅಂದ್ರೆ, ಕುಡಿದಿದ್ದೆಲ್ಲ ವಾಂತಿ ಆಗ್ತಿದ್ರೆ, ಎಬ್ಬಿಸಿದ್ರೂ ಮಂಪರಲ್ಲೇ ಇದ್ರೆ ಕಾಯೋದೇ ಬೇಡ, 108ಕ್ಕೆ ಫೋನ್ ಮಾಡ್ಬೇಕು.

ಇದನ್ನ ಸ್ಲೈಡ್‌ನಲ್ಲಿ ತೋರಿಸಿದ್ರೆ ಎಲ್ರೂ ತಲೆ ಆಡಿಸ್ತಾರೆ. ಮಾಡೋಕೆ ಕೂತಾಗಲೇ ಕಷ್ಟ ಗೊತ್ತಾಗೋದು. ಸಿದ್ದಾಪುರ ಕಡೆಯ ಒಂದು ಅಂಗನವಾಡಿಲಿ ಒಬ್ರು ಆಯಾ ಇದನ್ನ ಕಲೀತಾ ಇರೋದನ್ನ ನಾನು ಪಕ್ಕದಲ್ಲೇ ಕೂತು ನೋಡಿದೆ. ಮಗು ಮೈ ಮೇಲೆ ಎರಡು ಸ್ವೆಟರ್, ಒಳಗೊಂದು ಬನಿಯನ್, ತಲೆಗೆ ಕುಲಾವಿ. ಮೊದಲ ಸಲ ಸ್ವೆಟರ್ ಮೇಲಿಂದಾನೇ ಎಣಿಸಿದ್ರು, 28 ಅಂದ್ರು. ಜೊತೆಲಿದ್ದ ನರ್ಸ್ "ಅಕ್ಕ, ಸ್ವೆಟರ್ ಎತ್ತಿ, ಹೊಟ್ಟೆ ಎದೆ ಸೇರೋ ಜಾಗ ನೋಡಿ" ಅಂದ್ರು. ಎರಡನೇ ಸಲ ಮಗು ಕಿಲಕಿಲ ನಗೋಕೆ ಶುರು ಮಾಡ್ತು, ಲೆಕ್ಕ ತಪ್ಪಿತು. ಮೂರನೇ ಸಲ 44 ಬಂತು. ಮೂರು ವರ್ಷದ ಮಗು, ನಗ್ತಾ ಇತ್ತು, ಆಡ್ತಾ ಇತ್ತು, ಯಾರಿಗೂ ಅನುಮಾನ ಬರೋ ಹಾಗೆ ಇರ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನರ್ಸ್ ಇನ್ನೊಮ್ಮೆ ಎಣಿಸಿ ಅವತ್ತೇ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸಿದ್ರು. ಆ ಆಯಾ ಓದಿರೋದು ಹೆಚ್ಚೇನಿಲ್ಲ, ಆದ್ರೆ ಈಗ ಅವರು ಎಣಿಸೋದನ್ನ ನೋಡಿದ್ರೆ ನನಗೆ ಧೈರ್ಯ ಬರುತ್ತೆ. ಟ್ರೈನಿಂಗ್ ಅಂದ್ರೆ ಕೈ ಪಳಗಬೇಕು, ಅದಕ್ಕೆ ನಿಜವಾದ ಮಗು, ನಿಜವಾದ ಸ್ವೆಟರ್, ಪಕ್ಕದಲ್ಲಿ ತಿದ್ದೋರು ಬೇಕು.

ಕೆಮ್ಮಿನ ವಿಷಯದಲ್ಲೇ ಇನ್ನೊಂದು ಮಾತು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ಕಲಬೆರಕೆ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ ಕೇಂದ್ರದಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಸೂಚನೆ ಬಂತು. ಇದು ಡಾಕ್ಟರ್‌ಗಳಿಗೆ ತಲುಪಿದೆ. ಆದ್ರೆ ಅಂಗಡೀಲಿ ಸಿರಪ್ ತಗೊಂಡು ಬ್ಯಾಗ್‌ನಲ್ಲಿಟ್ಟು "ಮಧ್ಯಾಹ್ನ ಒಂದು ಮುಚ್ಚಳ ಕುಡಿಸಿ ಅಕ್ಕ" ಅಂತ ಕೊಟ್ಟು ಹೋಗೋ ಅಮ್ಮಂದಿರಿಗೆ ಏನು ಹೇಳ್ಬೇಕು ಅಂತ ಆಯಾಗೆ ಯಾರು ಹೇಳ್ಬೇಕು?

ಭೇದಿದೂ ಹಾಗೇ. ಮಳೇಲಿ ಕೆರೆ-ತೋಡಿನ ನೀರು ಕೆಂಪಾಗಿ ಬರುತ್ತೆ, ಕುದಿಸದೆ ಕುಡಿಸಿದ್ರೆ ಹೊಟ್ಟೆ ಕೆಡೋದು ಖಂಡಿತ. ಒಂದು ಲೀಟರ್ ಪಾಕೆಟ್ ಓಆರ್‌ಎಸ್‌ನ ಒಂದು ಲೀಟರ್ ನೀರಿಗೇ ಪೂರ್ತಿ ಹಾಕ್ಬೇಕು, ಒಂದು ಲೋಟಕ್ಕೆ ಸ್ವಲ್ಪ ಉದುರಿಸಿದ್ರೆ ಉಪ್ಪಿನಂಶ ಹೆಚ್ಚುಕಮ್ಮಿ ಆಗುತ್ತೆ. ಭೇದಿ ನಿಂತ್ರೂ ಜಿಂಕ್ ಮಾತ್ರೆ 14 ದಿನ ಮುಂದುವರಿಸ್ಬೇಕು. ಊಟ, ಎದೆಹಾಲು ನಿಲ್ಲಿಸಬಾರದು. ಗಂಟಲಲ್ಲಿ ಏನಾದ್ರೂ ಸಿಕ್ಕಿ ಉಸಿರು ಕಟ್ಟಿ ಕೆಮ್ಮೋಕೂ ಆಗದೇ ಇದ್ರೆ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು, ಅದು ಇನ್ನೂ ಒಳಗೆ ಹೋಗುತ್ತೆ. ಒಂದು ವರ್ಷದೊಳಗಿನ ಕೂಸಾದ್ರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಇರೋ ಹಾಗೆ ಹಿಡಿದು, ಬೆನ್ನಿಗೆ 5 ಗುದ್ದು, ಆಮೇಲೆ ತಿರುಗಿಸಿ ಎದೆ ಮಧ್ಯ 5 ಸಲ ಒತ್ತೋದು. ಇದನ್ನ ಗೊಂಬೆ ಮೇಲೆ ಒಂದು ಸಲ ಮಾಡಿ ನೋಡದೇ ಇದ್ರೆ ಆ ಹೊತ್ತಿಗೆ ಕೈಕಾಲು ಆಡಲ್ಲ. ಇನ್ನು ಸುಟ್ಟ ಗಾಯಕ್ಕೆ ನಮ್ಮಲ್ಲಿ ಕಾಫಿ ಪುಡಿ ಹಚ್ಚೋದು ಎಷ್ಟು ರೂಢಿ ಅಂತ ಹೇಳ್ಬೇಕಾಗಿಲ್ಲ. ಎಷ್ಟೋ ಕಡೆ ಅಡಿಗೆನೂ ಮಕ್ಕಳೂ ಒಂದೇ ರೂಮಲ್ಲಿ, ಬಿಸಿ ಸಾರು ಚೆಲ್ಲೋದು ದೂರದ ಮಾತಲ್ಲ, ಅಲ್ಲಿ ಬೇಕಾಗಿರೋದು 20 ನಿಮಿಷ ಹರಿಯೋ ತಣ್ಣೀರು ಮಾತ್ರ. ಫಿಟ್ಸ್ ಬಂದ ಮಗುಗೆ ಈರುಳ್ಳಿ ಮೂಸಿಸೋದು, ಕಬ್ಬಿಣ ಕೈಗೆ ಕೊಡೋದು, ಬಾಯಿಗೆ ಚಮಚ ಹಾಕೋದು ಇವತ್ತಿಗೂ ನಡೆಯುತ್ತೆ. ಪಕ್ಕಕ್ಕೆ ಒರಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಎಷ್ಟು ನಿಮಿಷ ಆಯ್ತು ನೋಡ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಆದಿವಾಸಿಗಳು ಇರೋ ಹಾಡಿಗಳ ಕಡೆ ಹೋದ್ರೆ ಇನ್ನೊಂದು ವಿಷಯ ಸೇರ್ಕೊಳ್ಳುತ್ತೆ. ಜೇನು ಕುರುಬ, ಬೆಟ್ಟ ಕುರುಬ, ಯರವ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತದ ಕಾಯಿಲೆ ಇದೆ, 2023ರ ಜುಲೈ 1ಕ್ಕೆ ಶುರುವಾದ ರಾಷ್ಟ್ರೀಯ ಮಿಷನ್‌ನಲ್ಲಿ 40 ವರ್ಷದ ತನಕ ಎಲ್ರಿಗೂ ತಪಾಸಣೆ ಅಂತ ಇದೆ. ತಪಾಸಣೆ ಆಗಿ ಕಾರ್ಡ್ ಕೊಟ್ಟಾಯ್ತು ಅಂದ್ರೆ ಕೆಲಸ ಮುಗಿಯಲ್ಲ. ಆ ಕಾಯಿಲೆ ಇರೋ ಮಗುಗೆ ಚಳಿ ತಗುಲಿದ್ರೆ, ನೀರು ಕಮ್ಮಿ ಕುಡಿದ್ರೆ ಮೂಳೆ ಕೀಳೋ ಹಾಗೆ ನೋವು ಬರುತ್ತೆ. ಪುಟ್ಟ ಮಕ್ಕಳಿಗೆ ಅಂಗೈ ಅಂಗಾಲು ಊದಿಕೊಳ್ಳುತ್ತೆ, ಬಿದ್ದಿರಬೇಕು ಅಂತ ಎಣ್ಣೆ ಹಚ್ಚಿ ಸುಮ್ಮನಾಗ್ತಾರೆ. ಆ ಮಗುಗೆ ಜ್ವರ ಬಂದ್ರೆ ಬೇರೆ ಮಕ್ಕಳ ಹಾಗೆ ಎರಡು ದಿನ ನೋಡೋಣ ಅನ್ನೋಕಾಗಲ್ಲ, ಅವತ್ತೇ ಆಸ್ಪತ್ರೆ. ತಿತಿಮತಿ, ಬಾಳೆಲೆ, ನಾಗರಹೊಳೆ ಅಂಚಿನ ಹಾಡಿಗಳ ಅಂಗನವಾಡಿಗೂ, 2016ರಲ್ಲಿ ದಿಡ್ಡಳ್ಳಿಯಿಂದ ಎಬ್ಬಿಸಿ ಆಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಲಿ ಮನೆ ಕೊಟ್ಟ ಆದಿವಾಸಿ ಕುಟುಂಬಗಳ ಅಂಗನವಾಡಿಗೂ ಮಡಿಕೇರಿ ಟೌನ್ ಅಂಗನವಾಡಿಗೂ ಒಂದೇ ಟ್ರೈನಿಂಗ್ ಪುಸ್ತಕ ಸಾಲದು. ಕುಡಿಯೋ ನೀರು ಗಂಟೆಗೊಂದು ಸಲ ಕೊಡ್ಬೇಕು, ಒದ್ದೆ ಬಟ್ಟೆ ತಕ್ಷಣ ಬದಲಾಯಿಸ್ಬೇಕು ಅನ್ನೋ ಸಣ್ಣ ಮಾತೇ ಅಲ್ಲಿ ಔಷಧಿಯಷ್ಟು ಮುಖ್ಯ.

ಪೌಷ್ಟಿಕತೆ ಬಗ್ಗೆ ಎಲ್ರೂ ಮಾತಾಡ್ತಾರೆ, ಆದ್ದರಿಂದ ಬೇಗ ಮುಗಿಸ್ತೀನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು 35.4%, ಆರು ತಿಂಗಳು ದಾಟಿದ ಮಕ್ಕಳಲ್ಲಿ ರಕ್ತಹೀನತೆ ಇರೋರು 65.5%. ತೋಳಿನ ಸುತ್ತಳತೆ ಪಟ್ಟಿ 11.5 ಸೆಂಟಿಮೀಟರ್‌ಗಿಂತ ಕಮ್ಮಿ ತೋರಿಸಿದ್ರೆ ತೀವ್ರ ಅಪೌಷ್ಟಿಕತೆ. ಪಟ್ಟಿ ಹಿಡಿಯೋದು ಎಲ್ಲಿ, ಎಷ್ಟು ಬಿಗಿ ಅನ್ನೋದು ಕೈಗೆ ಬರಬೇಕು, ಅರ್ಧ ಸೆಂಟಿಮೀಟರ್ ಆಚೀಚೆ ಆದ್ರೆ ಮಗು ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಹೋಗೋದೇ ತಪ್ಪಿಹೋಗುತ್ತೆ.

ಮನಸ್ಸಿನ ವಿಷಯಕ್ಕೆ ಬರೋಣ, ಇದು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ನಮ್ಮ ತೋಟಗಳಲ್ಲಿ ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದ ಕುಟುಂಬಗಳು ತುಂಬಾ ಇವೆ. ಅವರ ಮಗು ಅಂಗನವಾಡಿಗೆ ಬಂದ್ರೆ ಅಲ್ಲಿ ಕನ್ನಡ, ಅರೆಭಾಷೆ, ಕೊಡವ ತಕ್ಕ್, ಮಲಯಾಳ, ಯರವ ಮಾತು ಎಲ್ಲಾ ಕೇಳುತ್ತೆ, ತನ್ನ ಮನೆಮಾತು ಮಾತ್ರ ಕೇಳಲ್ಲ. ಹೊಟ್ಟೆ ನೋವು, ಉಚ್ಚೆ ಬಂತು, ಅಮ್ಮ ಬೇಕು ಅಂತ ಹೇಳೋಕೆ ಬಾರದ ಮಗು ಅಳುತ್ತೆ, ಆಮೇಲೆ ಅಳೋದನ್ನೂ ಬಿಡುತ್ತೆ. "ಈಗ ಹೊಂದಿಕೊಂಡಿದೆ, ಗಲಾಟೆ ಇಲ್ಲ" ಅಂತ ನಾವು ಅಂದ್ಕೊಳ್ತೀವಿ. ನನಗೆ ಆ ಸುಮ್ಮನಿರುವಿಕೆ ಜ್ವರಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವ ಬ್ಯಾಂಕ್ ಸೇರಿ 2018ರಲ್ಲಿ ಪುಟ್ಟ ಮಕ್ಕಳ ಬೆಳವಣಿಗೆಗೆ ಐದು ಬೇಕು ಅಂತ ಹೇಳಿದ್ರು: ಆರೋಗ್ಯ, ಪೌಷ್ಟಿಕ ಆಹಾರ, ಸುರಕ್ಷತೆ, ಕಲಿಯೋ ಅವಕಾಶ, ಮತ್ತೆ ಮಗು ಕೊಡೋ ಸೂಚನೆಗೆ ಓಗೊಡೋ ಆರೈಕೆ. ಕೊನೇದು ದುಡ್ಡಿಲ್ಲದೆ ಆಗೋದು, ಆದ್ರೆ ಕಲಿಸದೆ ಆಗಲ್ಲ. ಮಗು ಬೆರಳು ತೋರಿಸಿದ್ರೆ ಆ ಕಡೆ ನೋಡಿ ಹೆಸರು ಹೇಳೋದು, ಮಗುವಿನ ಮನೆಮಾತಲ್ಲಿ ನೀರು, ಊಟ, ನೋವು, ಅಮ್ಮ, ಉಚ್ಚೆ ಅನ್ನೋ ಪದಗಳನ್ನ ಅವರ ಅಮ್ಮನಿಂದಾನೇ ಕೇಳಿ ಗೋಡೆ ಮೇಲೆ ಕನ್ನಡ ಅಕ್ಷರದಲ್ಲಿ ಬರೆದಿಟ್ಕೊಳ್ಳೋದು, ಬೆಳಿಗ್ಗೆ ಬಿಟ್ಟು ಹೋಗುವಾಗ ಕದ್ದು ಓಡಿಹೋಗದೆ ಹೇಳಿ ಹೋಗೋಕೆ ಅಮ್ಮಂಗೆ ಹೇಳೋದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದಾಗ, ಮಾರನೇ ವರ್ಷ ತೋರ ಅನ್ನೋ ಊರಲ್ಲಿ ಹಾಗೇ ಆದಾಗ, ಎಷ್ಟೊಂದು ಪುಟ್ಟ ಮಕ್ಕಳು ಮಳೆ ಸದ್ದಿಗೇ ಬೆಚ್ಚಿ ಬೀಳ್ತಿದ್ರು. ಅಂಥ ಮಗು ಜೊತೆ ಹೆಂಗಿರ್ಬೇಕು ಅನ್ನೋದು ಈ ಜಿಲ್ಲೆಯ ಪ್ರತಿ ಆಯಾಗೂ, ಟೀಚರ್‌ಗೂ ಗೊತ್ತಿರ್ಲೇಬೇಕು.

ಕೂಸಿನ ಮನೆ ಬಗ್ಗೆ. 2023-24ರ ರಾಜ್ಯ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯ್ತಿಗಳಲ್ಲಿ ಮಾಡ್ತೀವಿ ಅಂತ ಘೋಷಿಸಿದ್ದು, ಉದ್ದೇಶ ತುಂಬಾ ಒಳ್ಳೇದು, ಕೂಲಿಗೆ ಹೋಗೋ ತಾಯಂದಿರ ಪುಟ್ಟ ಮಕ್ಕಳಿಗೆ ಊರಲ್ಲೇ ಒಂದು ಸೂರು. ನರೇಗಾ ಜಾಬ್ ಕಾರ್ಡ್ ಇರೋ ಹೆಂಗಸರನ್ನೇ ಕೇರ್‌ಟೇಕರ್ ಅಂತ ಆರಿಸಿ ತರಬೇತಿ ಕೊಡೋ ವ್ಯವಸ್ಥೆ ಮಾಡಿದ್ರು. ಆಗ ನರೇಗಾ ಲೆಕ್ಕದಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಕೂಲಿ ಇತ್ತು, ಹಾಗಾಗಿ ಸರದಿ ಮೇಲೆ ಬೇರೆ ಬೇರೆಯವರು ಬರ್ಬೇಕಾಗುತ್ತೆ. ಕಾಗದದ ಮೇಲೆ ಸರಿ ಇದೆ, ಆದ್ರೆ ಒಂದೂವರೆ ವರ್ಷದ ಕೂಸಿಗೆ ಮುಖ ಬದಲಾದ್ರೆ ಲೋಕವೇ ಬದಲಾದ ಹಾಗೆ. ತರಬೇತಿ ಪಡೆದ ಕೈ ಮನೆಗೆ ಹೋಗಿ ಹೊಸ ಕೈ ಬರೋವಾಗ ಒಂದು ವಾರನಾದ್ರೂ ಇಬ್ರೂ ಜೊತೆಗಿರ್ಬೇಕು ಅಂತ ನಿಯಮ ಮಾಡಿದ್ರೆ ಮಗುಗೂ ಒಳ್ಳೇದು, ಕಲಿತಿದ್ದೂ ಕೈಯಿಂದ ಕೈಗೆ ದಾಟುತ್ತೆ.

ಎಸ್ಟೇಟ್‌ಗಳ ಬಗ್ಗೆ ಹೇಳ್ಬೇಕಾದ್ದು ಇನ್ನೂ ಇದೆ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ 50 ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡೋ ತೋಟದಲ್ಲಿ, ಆಮೇಲಿನ ತಿದ್ದುಪಡಿ ಪ್ರಕಾರ ಅವರ ಮಕ್ಕಳ ಸಂಖ್ಯೆ 20 ಆದ್ರೂ, ಕ್ರೆಶ್ ಇರ್ಬೇಕು ಅಂತ ಹೇಳಿತ್ತು. ಬೆಳಕು, ಗಾಳಿ, ಶುಚಿ ಜೊತೆಗೆ ಇನ್ನೊಂದು ಷರತ್ತೂ ಇತ್ತು: ಮಕ್ಕಳ ಆರೈಕೆಯಲ್ಲಿ ತರಬೇತಿ ಪಡೆದ ಹೆಂಗಸೇ ಅದರ ಉಸ್ತುವಾರಿ ನೋಡ್ಬೇಕು. ಎಪ್ಪತ್ತು ವರ್ಷಕ್ಕೂ ಹಿಂದೆನೇ ಕಾನೂನು ಇದನ್ನ ಕೇಳಿದೆ! ವಾಸ್ತವದಲ್ಲಿ ಎಷ್ಟೋ ತೋಟಗಳಲ್ಲಿ ಕ್ರೆಶ್ ನೋಡ್ಕೊಳ್ಳೋದು ವಯಸ್ಸಾಗಿ ಮರ ಹತ್ತೋಕೆ, ಕಾಫಿ ಕೊಯ್ಯೋಕೆ ಆಗದ ಅಜ್ಜಿ. ಪ್ರೀತಿ ಇರುತ್ತೆ, ಅನುಭವ ಇರುತ್ತೆ, ಆದ್ರೆ ಅವರಿಗೆ ಒಂದು ದಿನದ ತರಬೇತಿನೂ ಯಾರೂ ಕೊಟ್ಟಿರಲ್ಲ. 2025ರ ನವೆಂಬರ್ 21ರಿಂದ ಹಳೇ ಕಾಯ್ದೆ ಹೋಗಿ ಹೊಸ ಲೇಬರ್ ಕೋಡ್ ಬಂದಿದೆ, ಅದರಲ್ಲೂ ಕ್ರೆಶ್‌ಗೆ 50 ಕೆಲಸಗಾರರ ಮಿತಿನೇ ಇರೋದು. ಕೊಡಗಿನ ತೋಟಗಳಲ್ಲಿ ಹೆಚ್ಚಿನವು ಸಣ್ಣ ಹಿಡುವಳಿ, ಹತ್ತು-ಹದಿನೈದು ಜನ ಕೆಲಸ ಮಾಡೋ ತೋಟಕ್ಕೆ ಈ ಕಾನೂನು ತಾಗೋದೇ ಇಲ್ಲ. ಸುಗ್ಗಿ ಹಬ್ಬ ಹುತ್ತರಿ ಮುಗೀತಿದ್ದ ಹಾಗೆ ಅರೇಬಿಕಾ ಕೊಯ್ಲು ಜೋರಾಗುತ್ತೆ, ಅದರ ಬೆನ್ನಿಗೇ ರೊಬಸ್ಟಾ, ಮಾರ್ಚ್ ತನಕ ಅಮ್ಮಂದಿರಿಗೆ ಬಿಡುವಿಲ್ಲ. ಅಂಗನವಾಡಿ ಮುಗಿಯೋ ಹೊತ್ತಿಗೂ ತೋಟದ ಕೆಲಸ ಬಿಡೋ ಹೊತ್ತಿಗೂ ಮಧ್ಯೆ ಮಗು ಎಲ್ಲಿ? ಅಕ್ಕನ ಸೊಂಟದ ಮೇಲೆ, ಅಕ್ಕನಿಗೆ ಎಂಟು ವರ್ಷ. ನಾಲ್ಕೈದು ಸಣ್ಣ ಬೆಳೆಗಾರರು ಸೇರಿ ಕೊಯ್ಲಿನ ಸೀಸನ್‌ಗೆ ಒಂದು ಮನೆಯನ್ನ ಮಕ್ಕಳಿಗೆ ಬಿಟ್ಟು, ಒಬ್ಬ ಆಯಾಗೆ ಕೂಲಿ ಕೊಟ್ಟು, ಪಿಎಚ್‌ಸಿಯಿಂದ ತರಬೇತಿ ಕೊಡಿಸೋದು ಆಗದ ಕೆಲಸವೇನಲ್ಲ. ಬೋರ್ಡೋ (ಮೈಲುತುತ್ತು-ಸುಣ್ಣದ ಮಿಶ್ರಣ) ಸ್ಪ್ರೇ ಮಾಡೋ ತೋಟದೊಳಗೆ ಕೂಸು ತೆವಳೋದು ತಪ್ಪುತ್ತೆ, ಕೊಯ್ಯೋ ಅಮ್ಮಂಗೂ ನೆಮ್ಮದಿ.

ಹಾಗಾದ್ರೆ ಏನು ಮಾಡ್ಬೇಕು? ನನ್ನ ಮಟ್ಟಿಗೆ ಎರಡು ಕ್ಯಾಲೆಂಡರ್ ಹಿಡ್ಕೊಂಡ್ರೆ ಅರ್ಧ ಕೆಲಸ ಆಯ್ತು, ಒಂದು ಮಳೆದು, ಇನ್ನೊಂದು ಕೊಯ್ಲಿದು. ಮೇ ಕೊನೆಯೊಳಗೆ ಉಸಿರು ಎಣಿಸೋದು, ಓಆರ್‌ಎಸ್, ನೀರು ಕುದಿಸೋದು, ಚಾಪೆ-ಬಟ್ಟೆ ಒಣಗಿಸೋದು, ಮಳೆಗೆ ರಸ್ತೆ ಕಟ್ಟಾದ್ರೆ ಯಾರಿಗೆ ಫೋನ್ ಅನ್ನೋದು. ಅಕ್ಟೋಬರ್-ನವೆಂಬರ್‌ನಲ್ಲಿ ಹೊಸದಾಗಿ ಬರೋ ವಲಸೆ ಮಕ್ಕಳನ್ನ ಸೇರಿಸ್ಕೊಳ್ಳೋದು, ಗಾಯ, ವಿಷ, ಉಸಿರು ಕಟ್ಟೋದು. ಎರಡೂ ಸಲ ಟೀಚರ್, ಆಯಾ, ಕೂಸಿನ ಮನೆ ಕೇರ್‌ಟೇಕರ್, ಎಸ್ಟೇಟ್ ಕ್ರೆಶ್ ಅಜ್ಜಿ ಎಲ್ರೂ ಒಂದೇ ಚಾಪೆ ಮೇಲೆ ಕೂರ್ಬೇಕು, ಅದೂ ತಾಲ್ಲೂಕು ಆಫೀಸ್ ಹಾಲ್‌ನಲ್ಲಿ ಬೇಡ, ಹತ್ತಿರದ ಅಂಗನವಾಡಿಲಿ, ಮಕ್ಕಳು ಇರೋವಾಗಲೇ. ಕಲಿಸೋರನ್ನ ಬೆಂಗಳೂರಿಂದ ಕರೆಸಬೇಕಾಗಿಲ್ಲ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಆರ್‌ಬಿಎಸ್‌ಕೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರ್ಬೇಕು ಅಂತಾನೇ ಇದೆ, ಬಂದಾಗ ಮಕ್ಕಳನ್ನ ನೋಡಿ ಫಾರಂ ತುಂಬಿ ಹೋಗೋ ಬದಲು ಒಂದು ಗಂಟೆ ಕೂತು ಆಯಾ ಕೈಲಿ ಮಾಡಿಸಲಿ. ಪಿಎಚ್‌ಸಿ ನರ್ಸ್ ಇದ್ದಾರೆ, ಆಶಾ ಇದ್ದಾರೆ. ಟೀಚರ್‌ಗಳಿಗೆ ಸರ್ಕಲ್ ಮೀಟಿಂಗ್ ಇರೋ ಹಾಗೆ ಆಯಾಗಳಿಗೂ ಮೂರು ತಿಂಗಳಿಗೊಂದು ಮೀಟಿಂಗ್ ಇಟ್ಟು, ಬಸ್ ಚಾರ್ಜು, ಆ ದಿನದ ಭತ್ಯೆ ಕೊಡ್ಲಿ. ಮತ್ತೆ, ಅವರ ಕಷ್ಟ ಕೇಳೋರೂ ಬೇಕು, ದಿನವಿಡೀ ಇಪ್ಪತ್ತು ಮಕ್ಕಳನ್ನ ಸುಧಾರಿಸಿ ಬೆನ್ನು, ತಲೆ ಎರಡೂ ನೋಯ್ತಿರೋ ಹೆಂಗಸಿಂದ ನಗುಮುಖ ನಿರೀಕ್ಷೆ ಮಾಡೋದು ಅನ್ಯಾಯ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗೋಡೆ ಮೇಲೆ ಅವರಿಗೋಸ್ಕರನೂ ಇರ್ಲಿ.

ಖರ್ಚು ಏನು? ಒಂದು ಗೊಂಬೆ, ಥರ್ಮಾಮೀಟರ್, ಓಆರ್‌ಎಸ್ ಪಾಕೆಟ್, ತೋಳಿನ ಪಟ್ಟಿ, ಟೀ-ಬಿಸ್ಕೆಟ್. ಇದಕ್ಕೆ ಮೇಲಿಂದ ಆದೇಶ ಬರ್ಲಿ ಅಂತ ಕಾಯ್ಬೇಕಾಗಿಲ್ಲ, ಪಂಚಾಯ್ತಿ ಮನಸ್ಸು ಮಾಡಿದ್ರೆ ಹೊರಲಾರದ ಖರ್ಚಲ್ಲ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಅಂತ ಇದೆ, ಅದರಲ್ಲಿ ಮಕ್ಕಳ ತಾಯಂದಿರೇ ಇರ್ತಾರೆ. ಮುಂದಿನ ಸಭೇಲಿ ಯಾರಾದ್ರೂ ಒಬ್ರು ಎದ್ದು ನಿಂತು, ನಮ್ಮ ಸೆಂಟರ್ ಆಯಾಗೆ ಕಳೆದ ಒಂದು ವರ್ಷದಲ್ಲಿ ಯಾವ ತರಬೇತಿ ಸಿಕ್ಕಿದೆ, ಮಳೆ ಶುರುವಾಗೋ ಮೊದಲು ಯಾವತ್ತು ಕೊಡಿಸ್ತೀರಿ ಅಂತ ಕೇಳಿ, ಉತ್ತರನ ನಡಾವಳಿ ಪುಸ್ತಕದಲ್ಲಿ ತಾರೀಕು ಸಮೇತ ಬರೆಸ್ಲಿ.